ಗೇಟಿನ ಮೊದಲ ತುತ್ತು

ಹೋದ ವಾರ ಜೇವರ್ಗಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಮರಳುತ್ತಿದ್ದೆವು. ಭೀಮಾ ನದಿಯ ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಡುವ ವಾಸನೆ. ರಸ್ತೆ ಬದಿಯ ಹೊಲದಲ್ಲಿ ಯಾರೋ ಸೀತನಿ ಸುಡುತ್ತಿದ್ದರು. ಪಕ್ಕದಲ್ಲಿ ತೂಕಡಿಸುತ್ತಿದ್ದ ನಮ್ಮವರು ಕಣ್ಣು ತೆರೆಯದೆಯೇ, "ಶಿವಶರಣಪ್ಪನ ಗೇಟು" ಅಂದರು. ಬೇರೆಯವರು ಕೇಳಿದ್ದರೆ ಕನವರಿಸುತ್ತಿದ್ದಾರೆ ಅನ್ನುತ್ತಿದ್ದರು. ನನಗೆ ಪೂರಾ ತಿಳಿಯಿತು.

ಡ್ರೈವರನಿಗೂ ಮೂಗು ಇತ್ತು. ಬಸ್ಸು ನಿಂತಿತು. ಹತ್ತು ನಿಮಿಷ ಅಂದ ಕಂಡಕ್ಟರ್ ಎಲ್ಲರಿಗಿಂತ ಮೊದಲು ತಾನೇ ಇಳಿದ. ನಾವೂ ಇಳಿದೆವು. ಬಿಸಿ ಬೂದಿಯಲ್ಲಿ ತೆನೆಗಳನ್ನು ಹೊರಳಿಸುತ್ತಿದ್ದವನ ಮುಂದೆ ನಿಂತು ನಮ್ಮ ಪಾಳಿಗೆ ಕಾಯುವಾಗ ಆ ಒಂದು ಚಳಿಗಾಲ ದಸರೆಯಿಂದ ಹಿಡಿದು ಜೋಳದ ರಾಶಿಯವರೆಗೆ ಕಣ್ಣ ಮುಂದೆ ಬಂತು.

ಆಗ ನಮ್ಮವರು ಜೇವರ್ಗಿಯ ಸಣ್ಣ ಸಭೆಯೊಂದರ ಪಾಸ್ಟರ್. ಭಾನುವಾರ ಆರಾಧನೆ, ವಾರದ ನಡುವೆ ಜೈಲು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಕಡೆಯ ಸಬ್ ಜೈಲುಗಳಿಗೆ ಹೋಗಿ, ಒಳಗಿದ್ದವರನ್ನೂ ಅವರನ್ನು ಕಾಯುವವರನ್ನೂ ಮಾತಾಡಿಸಿಕೊಂಡು ಬರಲು ಅವರಿಗೆ ಅನುಮತಿ ಸಿಕ್ಕಿತ್ತು. ಅದೇ ವರ್ಷ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಗಾಡಿ ಹೊಡೆಯಬೇಡಿ ಅಂದರು ಡಾಕ್ಟರು. ಹಾಗಾಗಿ ನಾನು ಸ್ಕೂಟಿ ಕಲಿತೆ. ಐವತ್ತರ ಹೆಂಗಸು ಮುಂದೆ, ಬೈಬಲಿನ ಚೀಲ ತಬ್ಬಿಕೊಂಡ ಪಾಸ್ಟರ್ ಹಿಂದೆ. ಜೇವರ್ಗಿಯ ಬಸ್ ನಿಲ್ದಾಣದ ಮುಂದೆ ಹೋಗುವಾಗ ಚಹಾದಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಆಳಂದ, ಅಫಜಲಪುರಕ್ಕೆ ಬಸ್ಸು. ಜೇವರ್ಗಿಯ ಜೈಲಿಗೆ ಮಾತ್ರ, ಗುರುವಾರ ಗುರುವಾರ, ಸ್ಕೂಟಿ.

ಪ್ರಾರ್ಥನೆ, ವಾಕ್ಯ ಅವರದು. ನನ್ನದು ಡಬ್ಬಿ ಮತ್ತು ಕಾಗದ. ಡಬ್ಬಿಯಲ್ಲಿ ಒಳಗಿನವರಿಗೆ ಏನಾದರೂ ತಿನ್ನಲು ಒಯ್ಯುತ್ತಿದ್ದೆ. ಬರೆಯಲು ಬಾರದವರು ಹೇಳಿದ್ದನ್ನು ಕಾಗದದಲ್ಲಿ ಬರೆದು ಕೊಡುತ್ತಿದ್ದೆ. ಯಾವ ಊಟ ಒಯ್ದೆ, ಯಾರು ಏನು ಕೇಳಿದರು, ಯಾರಿಗೆ ಮುಂದಿನ ವಾರ ಕೊಬ್ಬರಿ ಎಣ್ಣೆ ಬೇಕು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಆ ನೋಟ್‌ಬುಕ್ಕು ಈಗಲೂ ಇದೆ. ಅದರ ಅರ್ಧ ಪುಟಗಳಿಗೆ ಎಣ್ಣೆಯ ಕಲೆ.

ಆಳಂದದಲ್ಲಿ ಒಬ್ಬ ಮುದುಕ ಇದ್ದ. ಪ್ರಾರ್ಥನೆ ಮುಗಿಯುವ ತನಕ ಕೈಮುಗಿದು ಕೂತು, ಮುಗಿದ ಕೂಡಲೇ ಕೇಳುತ್ತಿದ್ದುದು ಒಂದೇ ಮಾತು: ಬರುವ ದಾರಿಯಲ್ಲಿ ತೊಗರಿ ಹೂವು ನಿಂತಿದೆಯೋ ಉದುರಿದೆಯೋ. ಹಾಗಾಗಿ ಬಸ್ಸಿನಲ್ಲಿ ನಾನು ಕಿಟಕಿ ಪಕ್ಕವೇ ಕೂರಬೇಕಾಗುತ್ತಿತ್ತು. ಅಫಜಲಪುರದಲ್ಲಿ ಸೊನ್ನ ಎಂಬ ಊರಿನ ಕಡೆಯ ಒಬ್ಬ ವಾರ್ಡರ್. ಅವನ ಹೆಂಡತಿಗೆ ಮೊದಲ ಹೆರಿಗೆ ಹತ್ತಿರವಾಗಿತ್ತು. ಕೈದಿಗಳ ಮುಂದೆ ಹೇಳಲು ಅವನಿಗೆ ನಾಚಿಕೆ. ಒಂದು ದಿನ ನಾವು ಹೊರಡುವಾಗ ಹಿಂದೆಯೇ ಬಂದು, ತನಗೂ ಒಂದು ಪ್ರಾರ್ಥನೆ ಮಾಡಬೇಕು, ಆದರೆ ಸಣ್ಣ ದನಿಯಲ್ಲಿ ಮಾಡಬೇಕು ಅಂದ. ನಮ್ಮವರು ಎಷ್ಟು ಸಣ್ಣ ದನಿಯಲ್ಲಿ ಮಾಡಿದರೆಂದರೆ ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಅದನ್ನೂ ಬರೆದಿಟ್ಟಿದ್ದೇನೆ.

ಜೇವರ್ಗಿಯ ಜೈಲಿನ ಹೆಡ್ ವಾರ್ಡರ್ ಶಿವಶರಣಪ್ಪ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಖಾಕಿ ಅಂಗಿಯೊಳಗೆ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಮೊದಲ ದಿನ ಅನುಮತಿಯ ಕಾಗದವನ್ನು ಎರಡು ಸಲ ಓದಿ, ಮಡಚಿ ವಾಪಸ್ಸು ಕೊಟ್ಟು, "ನೋಡ್ರಿ ಪಾಸ್ಟರ್ ಸಾಬ್ರ, ಇಲ್ಲಿ ಯಾರಿಗೂ ಅವರ ದೇವರನ್ನ ಬಿಡ್ರಿ ಅನ್ನಂಗಿಲ್ಲ" ಅಂದ. ನಮ್ಮವರು, "ಹೇಳಾಕ ಕಡಿಮಿ, ಕೇಳಾಕ ಜಾಸ್ತಿ ಬಂದೇನ್ರಿ" ಅಂದರು. ಹಾಗಂದರೆ ಗೇಟಿನಲ್ಲಿ ಕೂತು ನನ್ನ ಮಾತೂ ಕೇಳಬೇಕಾಗುತ್ತದೆ ಅಂದ ಶಿವಶರಣಪ್ಪ. ನಗಲಿಲ್ಲ, ಆದರೆ ಬೀಗ ತೆರೆದ.

ಆ ಜೈಲಿಗೆ ಎರಡು ಗೇಟು. ಹೊರಗಿನದಕ್ಕೂ ಒಳಗಿನದಕ್ಕೂ ನಡುವೆ ಹತ್ತು ಹೆಜ್ಜೆಯ ಜಾಗ, ಒಂದು ಮೇಜು, ಒಂದು ರಿಜಿಸ್ಟರು. ತಿನ್ನುವ ವಸ್ತು ಏನೇ ಬರಲಿ, ತಂದವರು ಆ ಮೇಜಿನ ಮುಂದೆ ನಿಂತು ಮೊದಲ ತುತ್ತು ತಾವು ತಿನ್ನಬೇಕು. ಆಮೇಲೆ ಒಳಗೆ. ಯಾರು ಯಾರಿಗೆ ಏನು ಬೆರೆಸಿ ಕಳಿಸುತ್ತಾರೋ ಎಂಬ ಭಯಕ್ಕೆ ಮಾಡಿಕೊಂಡ ಪದ್ಧತಿ. ಹೆಂಡತಿ ತಂದರೂ ಅಷ್ಟೇ, ತಾಯಿ ತಂದರೂ ಅಷ್ಟೇ, ಪಾಸ್ಟರಮ್ಮ ತಂದರೂ ಅಷ್ಟೇ. ನಾನು ಅವಲಕ್ಕಿ ತಿಂದೆ, ಮಂಡಕ್ಕಿ ಸುಸಲಾ ತಿಂದೆ, ಶೇಂಗಾ ಹೋಳಿಗೆ ತಿಂದೆ. ಪ್ರತಿ ಗುರುವಾರ ನಾನು ಬಾಯಾಡಿಸುವುದನ್ನೇ ನೋಡುತ್ತ ಶಿವಶರಣಪ್ಪ, "ಉಪ್ಪು ಹೆಚ್ಚಾತೇನ್ರಿ ಪಾಸ್ಟರಮ್ಮಾ?" ಅನ್ನುತ್ತಿದ್ದ. ನಾನು, "ಒಳಗ ಬಿಡಬಹುದ್ರಿ" ಅನ್ನುತ್ತಿದ್ದೆ. ಆ ಚಳಿಗಾಲದಲ್ಲಿ ನನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿಸಬೇಕಾಯಿತು.

ಮಲ್ಕಣ್ಣನನ್ನು ನಾವು ನೋಡಿದ್ದು ದಸರೆ ಮುಗಿದ ಮೇಲೆ. ನಲವತ್ತರ ಆಸುಪಾಸಿನ ಒಕ್ಕಲಿಗ, ಊರು ಇಜೇರಿ. ಅಗಲವಾದ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಎರೆ ಮಣ್ಣು. ಎಲ್ಲರೂ ನಮ್ಮ ಸುತ್ತ ಕೂತರೆ ಅವನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಕತೆ ಹೇಳಿದವನು ಶಿವಶರಣಪ್ಪ. ತಂದೆ ತೀರಿಕೊಂಡ ಮೇಲೆ ಅಣ್ಣ ಅಂಬಾರಾಯನೂ ಇವನೂ ಹೊಲ ಹಂಚಿಕೊಂಡಿದ್ದರು. ನಡುವಿನ ಒಡ್ಡನ್ನು ಒಂದು ವರ್ಷ ಅವನು ಒಂದು ಗೇಣು ಒಳಗೆ ಉತ್ತ, ಮರುವರ್ಷ ಇವನು ಒಂದು ಗೇಣು ಆಚೆ ಉತ್ತ. ಕಡೆಗೆ ಒಡ್ಡೇ ಇಲ್ಲದಂತಾಯಿತು. ಈ ಸಲ ಜೋಳ ಬಿತ್ತುವಾಗ ಮಾತು ಬೆಳೆದು, ಮಲ್ಕಣ್ಣ ನೊಗದ ಗೂಟ ಎತ್ತಿ ಅಣ್ಣನ ಬಲಗೈ ಮುರಿದ. ಮಲ್ಕಣ್ಣನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸರಸಂಬಾದ ತವರಿಗೆ ಹೋದಳು.

ಡಿಸೆಂಬರ್ ಮೊದಲ ವಾರದಲ್ಲಿ ಅವನಿಗೆ ಬೇಲು ಆಯಿತು. ಆದರೆ ಜಾಮೀನಿಗೆ ಪಹಣಿ ಇರುವ ಇಬ್ಬರು ಬಂದು ನಿಲ್ಲಬೇಕು. ಇಜೇರಿಯಿಂದ ಒಬ್ಬರೂ ಬರಲಿಲ್ಲ. ಮುರಿದ ಕೈ ಕೊರಳಿಗೆ ಕಟ್ಟಿಕೊಂಡು ಅಂಬಾರಾಯ ಊರಲ್ಲಿ ಓಡಾಡುತ್ತಿರುವಾಗ ಅವನ ಎದುರಿಗೆ ಯಾರು ಜಾಮೀನು ನಿಂತಾರು? ನಮ್ಮವರು ಸಂತೆಯಲ್ಲಿ ಇಬ್ಬರ ಸೋದರಮಾವನನ್ನು ಹುಡುಕಿ ಕೇಳಿದರು. ಅವನ ಉತ್ತರ ನೇರವಾಗಿತ್ತು: ಅಂಬಾರಾಯ ಹೂಂ ಅಂದರೆ ನಾನೂ ಬರುತ್ತೇನೆ, ಇನ್ನೊಬ್ಬನನ್ನೂ ಕರೆತರುತ್ತೇನೆ, ಅವನು ಹೂಂ ಅನ್ನದೆ ಆಗುವುದಿಲ್ಲ. ಸುಗ್ಗಿಗೆ ಎರಡು ತಿಂಗಳಿತ್ತು. ಬೇಲಿನ ಕಾಗದ ಕೈಯಲ್ಲಿದ್ದೂ ಮಲ್ಕಣ್ಣ ಗೋಡೆ ನೋಡುತ್ತ ಕೂತಿದ್ದ. ಅಣ್ಣನಿಗೆ ಕಾಗದ ಬರೆಯೋಣವೇ ಅಂತ ನಾನು ಕೇಳಿದಾಗಲೆಲ್ಲ ತಲೆಯಲ್ಲಾಡಿಸುತ್ತಿದ್ದ.

ಅವನ ಬಾಯಿ ತೆರೆದದ್ದು ಕ್ರಿಸ್ಮಸ್ಸಿನ ವಾರ. ಅಂದು ಕೇಕಿನ ತುಂಡು, ಕರ್ಜಿಕಾಯಿ ಒಯ್ದಿದ್ದೆ. ಸಭೆಯ ನಾಲ್ಕು ಜನ ಬಂದು ಹಾಡಿದರು. ನಮ್ಮವರು ಸತ್ರದಲ್ಲಿ ಜಾಗ ಸಿಗದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ಸಂಗತಿ ಹೇಳಿ ಮುಗಿಸಿದ್ದರು. ಗೋಡೆಯ ಕಡೆಯಿಂದ ದನಿ ಬಂತು.

"ಗೋದಲ್ಯಾಗ ಕೂಸು ಮಲಗಿಸಿದ್ರ ದನಕ್ಕ ಮೇವು ಎಲ್ಲಿ ಹಾಕಿದ್ರಿ?"

ಎಲ್ಲರೂ ನಕ್ಕರು. ಮಲ್ಕಣ್ಣ ನಗಲಿಲ್ಲ. ನಮ್ಮವರೂ ನಗಲಿಲ್ಲ. ಬೈಬಲಿನಲ್ಲಿ ಅದನ್ನು ಬರೆದಿಲ್ಲ, ಮೂವತ್ತು ವರ್ಷದಿಂದ ಈ ಕತೆ ಹೇಳುತ್ತಿದ್ದೇನೆ, ಒಂದು ದಿನವೂ ನನಗೆ ಹೊಳೆಯಲಿಲ್ಲ ಅಂದರು. ಆಗ ಮಲ್ಕಣ್ಣ ಮೆಲ್ಲಗೆ, ತನ್ನ ಎರಡು ಎತ್ತು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೇ ಇದ್ದವು, ಪೊಲೀಸರು ಕರೆದೊಯ್ದ ದಿನದಿಂದ ಅವುಗಳಿಗೆ ಯಾರು ಮೇವು ಹಾಕುತ್ತಾರೋ ಗೊತ್ತಿಲ್ಲ ಅಂದ. ಗೋಡೆ ನೋಡುತ್ತ ಅವನು ಅಷ್ಟು ದಿನ ನೋಡುತ್ತಿದ್ದದ್ದು ಅದನ್ನೇ.

ಮರು ಗುರುವಾರ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಊರೆಲ್ಲ ಹೊಲದಲ್ಲಿರುತ್ತದೆ. ನನ್ನ ತವರಿನಲ್ಲಿ ಹೊಲದ ಪೂಜೆ ಇರಲಿಲ್ಲ, ಆದರೆ ಭಜ್ಜಿ ಇತ್ತು, ನೆರೆಯವರ ಗಾಡಿ ಹತ್ತುವುದು ಇತ್ತು. ಹಾಗಾಗಿ ನಾನು ಬೆಳಗಿನಿಂದ ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿ ಭಜ್ಜಿ ಮಾಡಿದೆ, ಸಜ್ಜೆ ಕಡುಬು ಕುದಿಸಿದೆ, ಎರಡು ಪಾತ್ರೆ ತುಂಬಿ ಸ್ಕೂಟಿಗೆ ಕಟ್ಟಿ ಒಯ್ದೆ. ಗೇಟಿನ ಮೇಜಿನ ಮುಂದೆ ಮುಚ್ಚಳ ತೆರೆದು, ಅಭ್ಯಾಸದಂತೆ ಕೈ ಹಾಕಿದೆ.

"ನಿಲ್ರಿ" ಅಂದ ಶಿವಶರಣಪ್ಪ. "ಇವತ್ತು ಭೂಮಿತಾಯಿಗಿಂತ ಮೊದಲ ಯಾರೂ ತಿನ್ನಂಗಿಲ್ಲ."

ಚರಗ ಚೆಲ್ಲುವ ತನಕ ಒಕ್ಕಲಿಗ ಬಾಯಿಗೆ ಅನ್ನ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಡಿಗೆಯ ಎಲ್ಲ ಪದಾರ್ಥ ಕಲಸಿ, ಹೊಲದ ತುಂಬ ಚೆಲ್ಲಿ ಬಂದು ಆಮೇಲೆ ಉಣ್ಣುವುದು. ಆದರೆ ಗೇಟಿನ ಪದ್ಧತಿಯಲ್ಲಿ ನಾನು ಮೊದಲು ತಿನ್ನಬೇಕು. ಶಿವಶರಣಪ್ಪ ಪಾತ್ರೆಯ ಮುಂದೆ ನಿಂತು ಬಹಳ ಹೊತ್ತು ಲೆಕ್ಕ ಹಾಕಿದ. ಕಡೆಗೆ ಮೊದಲು ಚರಗಕ್ಕೆ ತೆಗೆದು, ಅದನ್ನು ಚೆಲ್ಲಿ ಬಂದು, ಆಮೇಲೆ ನನಗೆ ರುಚಿ ನೋಡಲು ಹೇಳಿ, ಅದಾದ ಮೇಲೆ ಒಳಗೆ ಬಿಡುವುದು ಅಂತ ತೀರ್ಮಾನವಾಯಿತು. ಅಡಿಗೆ ಮನೆಯ ಹಿಂದೆ ಕೈದಿಗಳು ಪುಂಡಿ ಸೊಪ್ಪು ಹಾಕಿದ ನಾಲ್ಕು ಮಡಿ ಇದ್ದವು. ಆ ದಿನದ ಮಟ್ಟಿಗೆ ಅದೇ ಎಲ್ಲರ ಹೊಲ. ಹನ್ನೆರಡು ವರ್ಷದಿಂದ ಡ್ಯೂಟಿಯ ಕಾರಣಕ್ಕೆ ಈ ದಿನ ತನ್ನ ಹೊಲಕ್ಕೆ ಹೋಗಿಲ್ಲ, ಇವತ್ತು ಇದೇ ತನ್ನದು ಅಂತ ಅವನೇ ಬೂಟು ಬಿಚ್ಚಿಟ್ಟು ಮಡಿಗೆ ಇಳಿದ. ಎಲ್ಲರೂ ತಮ್ಮ ತಮ್ಮ ಹಿಡಿಯನ್ನು ಅವನ ತಟ್ಟೆಗೆ ಹಾಕಿದರು. ಮಲ್ಕಣ್ಣ ಹಾಕಲಿಲ್ಲ.

"ಇದು ನನ್ನ ಹೊಲಕ್ಕ ಹೋಗಬೇಕ್ರಿ" ಅಂತ ಮುಷ್ಟಿ ಹಾಗೇ ಹಿಡಿದು ನಿಂತ. "ಬಿತ್ತಿ ಬಂದೇನಿ. ಉಣಸೋರು ಯಾರಿಲ್ಲ. ಅದು ಉಂಡ ಮ್ಯಾಲೆ ನಾ ಉಣ್ತೇನಿ."

ನಮ್ಮವರಿಗೆ ಒಂದು ನೇಮ ಇತ್ತು. ಕೈದಿಗಳ ಕೇಸಿನೊಳಗೆ, ಅವರ ಮನೆತನದ ವ್ಯಾಜ್ಯದೊಳಗೆ ಕೈ ಹಾಕುವಂತಿಲ್ಲ. ಸೋದರಮಾವನನ್ನು ಕೇಳಿದ್ದರಲ್ಲೇ ಆ ನೇಮ ಅರ್ಧ ಮುರಿದಿತ್ತು. ಅದಲ್ಲದೆ ಪಾಸ್ಟರ್ ಹೊಲದಲ್ಲಿ ಚರಗ ಚೆಲ್ಲಿದರಂತೆ ಅಂತ ಸಭೆಯ ಹಿರಿಯರಿಗೆ ಗೊತ್ತಾದರೆ ಭಾನುವಾರ ಉತ್ತರ ಕೊಡಬೇಕು. ನಾನು ಅವರ ಮುಖ ನೋಡಿದೆ. ಅವರು ಮಲ್ಕಣ್ಣನ ಮುಷ್ಟಿ ನೋಡುತ್ತಿದ್ದರು. ಆಮೇಲೆ ನನ್ನ ಕೈಯಿಂದ ಸಣ್ಣ ಡಬ್ಬಿ ತಗೊಂಡು ಅವನ ಮುಂದೆ ಹಿಡಿದರು. ದಾರಿಯಲ್ಲಿ ನನಗೆ ಹೇಳಿದ್ದು ಇಷ್ಟು: ಪೂಜೆ ಮಾಡು ಅಂದಿದ್ದರೆ ಬೇರೆ ಮಾತು, ಒಬ್ಬ ತನ್ನ ಭೂಮಿಗೆ ಊಟ ಕಳಿಸುತ್ತಿದ್ದಾನೆ, ಮುಟ್ಟಿಸಿ ಬರುವುದು ನನ್ನ ಕೆಲಸ. ಶಿವಶರಣಪ್ಪ ರಿಜಿಸ್ಟರಿನಲ್ಲಿ 'ಒಂದು ಡಬ್ಬಿ, ಹೊರಗೆ' ಅಂತ ಬರೆದ. ಅಲ್ಲಿಯ ತನಕ ಆ ರಿಜಿಸ್ಟರಿನಲ್ಲಿ ಊಟ ಹೊರಗೆ ಹೋದದ್ದು ಇರಲಿಲ್ಲ.

ಇಜೇರಿ ದಾಟಿ ಹಳ್ಳ, ಹಳ್ಳದ ಆಚೆ ಬನ್ನಿ ಗಿಡ, ಗಿಡದ ಎಡಕ್ಕೆ ನನ್ನದು, ಬಲಕ್ಕೆ ಅಣ್ಣನದು. ಮಲ್ಕಣ್ಣ ಹೇಳಿದ ಗುರುತು ಅಷ್ಟು. ಹಳ್ಳದ ದಾರಿಯಲ್ಲಿ ಕೆಸರಿದ್ದುದರಿಂದ ಗಾಡಿಯಲ್ಲಿ ಹೋಗುತ್ತಿದ್ದವರು ನಮ್ಮನ್ನು ಸುತ್ತು ದಾರಿಗೆ ಹಚ್ಚಿದರು. ಎರಡೂ ಬದಿ ಆಳೆತ್ತರದ ಬಿಳಿ ಜೋಳ, ಎಲ್ಲ ಹೊಲದಲ್ಲೂ ಜನ, ಹೊಸ ಸೀರೆ, ನಗೆ. ಬನ್ನಿ ಗಿಡ ಸಿಕ್ಕಿತು. ಒಡ್ಡು ಮಾತ್ರ ಎಲ್ಲೂ ಇರಲಿಲ್ಲ. ನಾವು ಎಡಕ್ಕಿಳಿದೆವು. ನಮ್ಮವರು ಜೋಳದ ಅಂಚಿನಲ್ಲಿ ನಿಂತು ಟೊಪ್ಪಿಗೆ ತೆಗೆದು, ಈ ಬೆಳೆಗಾಗಿಯೂ ಇದನ್ನು ಬಿತ್ತಿದವನಿಗಾಗಿಯೂ ಪ್ರಾರ್ಥನೆ ಮಾಡಿದರು. ನಾನು ಸಾಲಿನ ನಡುವೆ ನಡೆಯುತ್ತ ಚೆಲ್ಲಿದೆ. ಡಬ್ಬಿ ಖಾಲಿಯಾಗುವುದಕ್ಕೂ ಜೋಳದೊಳಗಿಂದ ಗಂಡು ದನಿ ಬರುವುದಕ್ಕೂ ಸರಿಹೋಯಿತು.

"ಯಾರಲೇ ಅದು ಹೊಲದಾಗ?"

ತೆನೆಗಳನ್ನು ಎಡಗೈಯಿಂದ ಸರಿಸುತ್ತ ಒಬ್ಬ ಹೊರಬಂದ. ಬಲಗೈ ಕೊರಳ ವಸ್ತ್ರದಲ್ಲಿ ತೂಗುತ್ತಿತ್ತು. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಆಗ ನನಗೆ ತಿಳಿಯಿತು. ಮಲ್ಕಣ್ಣ ಗುರುತು ಹೇಳಿದ್ದು ಹಳ್ಳದ ಕಡೆಯಿಂದ ಬರುವವರಿಗೆ. ನಾವು ಬಂದದ್ದು ಎದುರಿನಿಂದ. ನಾನು ತಮ್ಮನ ಚರಗವನ್ನು ಅಣ್ಣನ ಹೊಲದಲ್ಲಿ ಚೆಲ್ಲಿದ್ದೆ, ಅದೂ ಇಬ್ಬರೂ ಒಂದೊಂದು ಗೇಣಿಗೆ ಹೊಡೆದಾಡಿದ ಹೊಲದಲ್ಲಿ.

ನಮ್ಮವರು ತಾವು ಯಾರು, ಎಲ್ಲಿಂದ ಬಂದೆವು ಅಂತ ಹೇಳಿದರು. ಮಲ್ಕಣ್ಣ ಚರಗ ಕೊಟ್ಟು ಕಳಿಸಿದ್ದಾನೆ ಅಂದರು. ಅಂಬಾರಾಯ ನೆಲದ ಮೇಲೆ ಬಿದ್ದ ಕಡುಬಿನ ಚೂರು ನೋಡಿದ.

"ಮಲ್ಕ್ಯಾ ನನ್ನ ಹೊಲಕ್ಕ ಚರಗ ಕಳಿಸ್ಯಾನ?"

ಅವನ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದಳು. ಎಲ್ಲ ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ನಮ್ಮವರು ಹೌದು ಅನ್ನುವುದೂ ಬೇಡ, ಸುಮ್ಮನಿದ್ದರೆ ಸಾಕು, ಅಣ್ಣ ಮೆತ್ತಗಾಗುತ್ತಾನೆ, ಮಲ್ಕಣ್ಣ ಮುಂದಿನ ವಾರ ಹೊರಗೆ ಬರುತ್ತಾನೆ. ನಾನು ನಮ್ಮವರ ಬೆನ್ನಿಗೆ ಮೆಲ್ಲಗೆ ಚಿವುಟಿದೆ. ಅವರಿಗೆ ಚಿವುಟಿದ್ದು ತಿಳಿಯದೆ ಇರಲಿಲ್ಲ.

"ಇಲ್ರಿ" ಅಂದರು. "ಅಂವ ತನ್ನ ಹೊಲಕ್ಕ ಕಳಿಸಿದ್ದ. ನಾವು ದಿಕ್ಕು ತಪ್ಪಿ ನಿಮ್ಮದರಾಗ ಚೆಲ್ಲೇವಿ. ಅವನ ತಪ್ಪಿಲ್ಲ, ನಮ್ಮದು."

ಅಂಬಾರಾಯ ಎಡಗೈಯಿಂದ ನೆಲ ತೋರಿಸಿದ. ಹಾಗಂದರೆ ಆರಿಸಿಕೊಂಡು ಒಯ್ಯಿರಿ ಅಂದ. ಜೋಳದ ಸಾಲಿನ ನಡುವೆ ನಾನು ಬಗ್ಗಿಯೇ ಬಿಟ್ಟೆ. ಅಷ್ಟರಲ್ಲಿ ಅವನ ಹೆಂಡತಿ ಬಂದು ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು.

"ಏಳ್ರಿ ಅಕ್ಕಾರ. ಭೂಮಿಗೆ ಹಾಕಿದ್ದು ಯಾರಾದರೂ ತಿರುಗಿ ತಗೋತಾರೇನು?" ಅಂದು ಗಂಡನ ಕಡೆ ನೋಡದೆಯೇ ಬುಟ್ಟಿಯ ಹತ್ತಿರ ಹೋಗಿ, ತಮ್ಮ ಅಡಿಗೆಯಲ್ಲಿ ಉಳಿದ ಭಜ್ಜಿ, ಹೋಳಿಗೆ, ರೊಟ್ಟಿ ಮುರಿದು ಡಬ್ಬಿ ತುಂಬಿದಳು. "ಮಲ್ಕಣ್ಣನ ಹೊಲ ಉಪಾಸ ಇರಬಾರದು."

ಅವಳು ಮುಂದೆ, ನಾನು ಹಿಂದೆ ಆ ಬದಿಗೆ ಹೋದೆವು. ಚರಗ ಚೆಲ್ಲುವುದಕ್ಕೆ ಇಬ್ಬರು ಬೇಕು. ಮುಂದಿನವರು ಚೆಲ್ಲುತ್ತ ಕೂಗಬೇಕು, ಇನ್ನೊಬ್ಬರು ಓಗೊಡಬೇಕು. ಅವಳು ಕೂಗಿದಳು. ನಾನು ಓಗೊಟ್ಟೆ. ಆರಾಧನೆಯಲ್ಲಿ ಹಾಡುವ ನನ್ನ ದನಿ ಆ ಬಯಲಿಗೆ ಸಾಲಲಿಲ್ಲ, ಮುಂದಿನ ಸಾಲನ್ನೂ ಮುಟ್ಟಲಿಲ್ಲ. ಅವಳು ಮತ್ತೆ ಕೂಗಿದಳು. ಆಗ ಜೋಳದ ಆಚೆಯಿಂದ, ಕಾಣದ ಕಡೆಯಿಂದ, ತುಂಬು ದನಿಯಲ್ಲಿ ಅಂಬಾರಾಯ ಓಗೊಟ್ಟ. ಹೊಲ ಮುಗಿಯುವ ತನಕ ಅವಳ ಪ್ರತಿ ಕೂಗಿಗೂ ಓಗೊಟ್ಟ. ಮರಳಿ ಬಂದಾಗ ಬನ್ನಿ ಗಿಡದ ಬುಡದಲ್ಲಿ ನಿಂತಿದ್ದ.

"ಬ್ಯಾರೆ ಅರ್ಥ ತಿಳಕೋಬ್ಯಾಡ್ರಿ ಪಾಸ್ಟರ್ ಸಾಬ್ರ. ನಾ ಓಗೊಟ್ಟಿದ್ದು ಭೂಮಿಗೆ. ಅವಗಲ್ಲ."

ಹೊರಡುವಾಗ ಅವನ ಹೆಂಡತಿ ಸ್ಕೂಟಿಯ ತನಕ ಬಂದು ದನಿ ತಗ್ಗಿಸಿ, "ಅವನ ಎತ್ತು ನಮ್ಮ ಕೊಟಗ್ಯಾಗೇ ಅವ ಅಂತ ಹೇಳ್ರಿ. ಮೇವು ಹಾಕೋರು ಇವರೇ" ಅಂದಳು.

ದಾರಿಯುದ್ದಕ್ಕೂ ನಾನು ನಮ್ಮವರಿಗೆ ಬೈದೆ. ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ ಅಂದೆ. ಅವರು ಹಿಂದಿನಿಂದ, ತಾನು ಕಳಿಸದ ಊಟಕ್ಕೆ ಮಲ್ಕಣ್ಣ ನಾಳೆ ಹೊರಗೆ ಬಂದು ಉತ್ತರ ಹೇಳಬೇಕಾಗುತ್ತಿತ್ತಲ್ಲ ಅಂದರು. ಗಾಡಿ ಕುಣಿಯಲ್ಲಿ ಎತ್ತಿ ಹಾಕಿತು. ಬೇಕಂತಲೇ ಹಾಕಿದ್ದೇನೆ ಅಂದುಕೊಂಡಿರಬೇಕು, ಆಮೇಲೆ ಮಾತಾಡಲಿಲ್ಲ.

ಕೈದಿಗಳ ಸಂಜೆಯ ಎಣಿಕೆಗೆ ಮೊದಲು ಜೈಲು ಮುಟ್ಟಿದೆವು. ಮಲ್ಕಣ್ಣ ಒಳಗಿನ ಗೇಟಿನ ಸರಳು ಹಿಡಿದು ನಿಂತಿದ್ದ. ಅವನ ಪಾಲಿನ ತಟ್ಟೆ ಮುಚ್ಚಿಟ್ಟಂತೆಯೇ ಇತ್ತು. ನಾನು ಮಾಡಿದ ತಪ್ಪನ್ನು ನಾನೇ ಹೇಳಿದೆ. ಜಗತ್ತಿನಲ್ಲಿ ಬೇರೆ ಹೊಲ ಇರಲಿಲ್ಲವೇ ಅಂದ. ಅತ್ತಿಗೆ ಡಬ್ಬಿ ತುಂಬಿದ್ದು ಹೇಳಿದೆ. ಎತ್ತು ಎಲ್ಲಿವೆ, ಮೇವು ಹಾಕುವವರು ಯಾರು ಅಂತ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು.

"ಅತ್ತಿಗಿ ಕೂಗಿದಳಂದ್ರಿ. ಓಗೊಟ್ಟಿದ್ದು ಯಾರು?"

ಹೇಳಿದೆ. ಭೂಮಿಗೆ, ನಿನಗಲ್ಲ ಅಂದದ್ದನ್ನೂ ಬಿಡದೆ ಹೇಳಿದೆ, ನಮ್ಮವರು ಪಕ್ಕದಲ್ಲಿದ್ದರು. ಮಲ್ಕಣ್ಣ ತಟ್ಟೆ ತಗೊಂಡು ಗೋಡೆಯ ಕಡೆ ಹೋದ. ಆದರೆ ಈ ಸಲ ಬೆನ್ನು ಗೋಡೆಗೆ ಕೊಟ್ಟು, ಮುಖ ನಮ್ಮ ಕಡೆ ಮಾಡಿ ಕೂತು ಉಂಡ.

ಭಾನುವಾರ ಸಭೆಯ ಹಿರಿಯರೊಬ್ಬರು ಕೇಳಿಯೇ ಕೇಳಿದರು. ನಮ್ಮವರು ನಡೆದದ್ದೆಲ್ಲ ಹೇಳಿದರು. ಹಿರಿಯರು ಗಡ್ಡ ಕೆರೆದುಕೊಂಡು, ಮುಂದಿನ ಸಲ ಊರಿನವರನ್ನು ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಹೊಲದ ಗುರುತಾದರೂ ಸಿಗುತ್ತದೆ ಅಂದರು.

ಆಮೇಲೆ ಗುರುವಾರದ ಮೇಲೆ ಗುರುವಾರ. ಸಂಕ್ರಾಂತಿ ಬಂತು, ಹೋಯಿತು. ಇಜೇರಿಯಿಂದ ಯಾರೂ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ವಾರಗಳ ಮುಂದೆ 'ಮಲ್ಕಣ್ಣ, ಇಲ್ಲ' ಅಂತ ಬರೆದಿದ್ದೇನೆ. ಆದರೆ ಆ ದಿನಗಳಲ್ಲೇ ಅವನು ನಮ್ಮ ಸುತ್ತಿನಲ್ಲಿ ಬಂದು ಕೂರಲು ಶುರು ಮಾಡಿದ. ಒಂದು ಸಲ ನನ್ನಿಂದ ಕಾಗದ ಬರೆಸಿದ. ಅಣ್ಣನಿಗೆ ಅಲ್ಲ, ಅತ್ತಿಗೆಗೆ. ಅದರಲ್ಲಿ ಇದ್ದದ್ದು ಎತ್ತುಗಳ ವಿಷಯ ಮಾತ್ರ: ಎಡಗಡೆಯದಕ್ಕೆ ಹಸಿ ಮೇವು ಜಾಸ್ತಿ ಆದರೆ ಹೊಟ್ಟೆ ಉಬ್ಬುತ್ತದೆ. ಕೊನೆಗೆ, ಅಣ್ಣನ ಕೈ ಹೇಗಿದೆ ಅಂತ ಬರೆಯಲೇ ಅಂತ ಕೇಳಿದೆ. ಬೇಡ ಅಂದ. ಕಾಗದ ಮಡಚುವಾಗ, ಬರೀರಿ ಅಂದ.

ಜನವರಿ ಮುಗಿಯುವ ಹೊತ್ತಿಗೆ ಒಂದು ಗುರುವಾರ ನಾವು ಹೋದಾಗ ಹೊರಗಿನ ಗೇಟಿನ ಮುಂದೆ ಅಂಬಾರಾಯ ಕೂತಿದ್ದ. ಜೊತೆಗೆ ಸೋದರಮಾವ ಮತ್ತು ಇನ್ನೊಬ್ಬ. ಬೆಳಗ್ಗೆಯೇ ಕೋರ್ಟಿಗೆ ಹೋಗಿ, ಪಹಣಿ ತೋರಿಸಿ ಇಬ್ಬರೂ ಜಾಮೀನು ಬರೆದುಕೊಟ್ಟು ಬಂದಿದ್ದರು. ಬಿಡುಗಡೆಯ ಆದೇಶ ಮಧ್ಯಾಹ್ನದ ಮೇಲೆ ಬರುವುದಿತ್ತು. ಅಂಬಾರಾಯನ ಮಡಿಲಲ್ಲಿ ಟವೆಲ್ಲಿನ ಗಂಟು. ಅದರಿಂದ ಇದೇ ವಾಸನೆ. ಹಸಿರು ತೆನೆಗಳನ್ನು ಹೊಲದಲ್ಲೇ ಸುಟ್ಟು, ಬಿಸಿ ಆರದಂತೆ ಸುತ್ತಿ ತಂದಿದ್ದ. ನಮ್ಮನ್ನು ನೋಡಿ, ಸೀತನಿ ಇವತ್ತು ತಿಂದರೆ ರುಚಿ, ಆದೇಶ ಬರುವ ತನಕ ಕಾಯುವುದಿಲ್ಲ ಅದು, ಅಂತ ತಾನು ಬಂದದ್ದಕ್ಕೆ ಕಾರಣ ಹೇಳಿದ.

ಶಿವಶರಣಪ್ಪ ಅವನನ್ನು ಮೇಜಿನ ಮುಂದೆ ನಿಲ್ಲಿಸಿದ. ಗಂಟು ಬಿಚ್ಚಿಸಿದ. ತಂದವರು ಮೊದಲು ತಿನ್ನಬೇಕು ಅಂದ.

"ನಾ ಏನು ವಿಷ ಹಾಕಿ ತಂದೇನೇನು?"

"ಪಾಸ್ಟರಮ್ಮನ್ನ ಮೂರು ತಿಂಗಳಿಂದ ತಿನಸಾಕತ್ತೇನಿ. ನೀವೇನು ಅವರಿಗಿಂತ ದೊಡ್ಡವರೇನ್ರಿ?"

ಅಂಬಾರಾಯ ಒಂದು ತೆನೆ ಎತ್ತಿದ. ಸೀತನಿಗೆ ಎರಡು ಅಂಗೈ ಬೇಕು. ತೆನೆಯನ್ನು ನಡುವೆ ಇಟ್ಟು ತಿಕ್ಕಿ, ಹೊಟ್ಟು ಊದಿ ಕಾಳು ತೆಗೆಯಬೇಕು. ಅವನ ಬಲಗೈಯ ಪಟ್ಟಿ ಬಿಚ್ಚಿದ್ದರು, ಆದರೆ ಮಣಿಕಟ್ಟು ತಿರುಗುತ್ತಿರಲಿಲ್ಲ. ಒಂದು ಸಲ ತಿಕ್ಕಿದ, ತೆನೆ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಂದು ಸಲ ಎತ್ತಿದ, ಮತ್ತೆ ಜಾರಿತು. ನಾನು ಮುಂದೆ ಬರುವಷ್ಟರಲ್ಲಿ ನಮ್ಮವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. ಒಳಗಿನ ಗೇಟಿನ ಸರಳಿನ ಹಿಂದೆ ಮಲ್ಕಣ್ಣ ನಿಂತಿದ್ದ. ಆ ಕೈಯನ್ನೇ ನೋಡುತ್ತಿದ್ದ.

"ಇಲ್ಲಿ ಕೊಡು, ಅಣ್ಣಾ."

ಸರಳಿನ ಸಂದಿಯಿಂದ ಎರಡು ಅಗಲ ಕೈ ಹೊರಬಂದವು. ಅಂಬಾರಾಯ ಮೇಜಿನಿಂದ ಆ ನಾಲ್ಕು ಹೆಜ್ಜೆ ನಡೆದು ಹೋಗಿ ತೆನೆಯನ್ನು ಆ ಕೈಗಳಲ್ಲಿ ಇಟ್ಟ. ಮಲ್ಕಣ್ಣ ತಿಕ್ಕಿದ, ಸರಳಿನ ನಡುವಿನಿಂದಲೇ ಊದಿದ, ಹೊಟ್ಟು ಹಾರಿ ಅಣ್ಣನ ಅಂಗಿಯ ಮೇಲೆ ಕೂತಿತು. ಹಸಿರು ಕಾಳನ್ನು ಅಣ್ಣನ ಎಡ ಅಂಗೈಗೆ ಸುರಿದ. ರುಚಿ ನೋಡುವ ಮುಂಚೆಯೇ ಊಟ ಕೈದಿಯ ಕೈಗೆ ಹೋಗಿ ಬಂದಿತ್ತು. ಶಿವಶರಣಪ್ಪ ರಿಜಿಸ್ಟರಿನ ಹಾಳೆ ತಿರುವುತ್ತ, ಅದರಲ್ಲಿ ಬಹಳ ಮುಖ್ಯವಾದದ್ದೇನೋ ಹುಡುಕುತ್ತಿದ್ದ.

ಅಂಬಾರಾಯ ಕಾಳು ಬಾಯಿಗೆ ಹಾಕಿಕೊಂಡ. ನಿಧಾನಕ್ಕೆ ಅಗಿದ.

"ಯಾವ ಹೊಲದ್ದು?" ಅಂತ ಕೇಳಿದ ಮಲ್ಕಣ್ಣ.

"ಎರಡೂದು ಕೂಡೇ ಸುಟ್ಟೇನಿ" ಅಂದ ಅಂಬಾರಾಯ. "ಬೇಕಾದ್ರ ಆರಿಸಿ ತಿನ್ನು."

ಮಲ್ಕಣ್ಣ ಆರಿಸಲಿಲ್ಲ. ಎರಡನೆಯ ತೆನೆ ತಿಕ್ಕಿ ಅದನ್ನೂ ಅಣ್ಣನ ಅಂಗೈಗೇ ಸುರಿದ. ಶಿವಶರಣಪ್ಪ ತಲೆ ಎತ್ತದೆ, ರುಚಿ ನೋಡಿರಿ ಅಂದದ್ದು, ಹೊಟ್ಟೆ ತುಂಬ ಉಣ್ಣಿರಿ ಅಂತಲ್ಲ ಅಂದ. ಆ ಜೈಲಿನಲ್ಲಿ ಮಲ್ಕಣ್ಣ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮೂರು ಗಂಟೆಗೆ ಆದೇಶ ಬಂತು. ನಾಲ್ಕೂ ಜನ ಇಜೇರಿಯ ಬಸ್ಸಿಗೆ ನಡೆದು ಹೋದರು. ಅಣ್ಣ ಮುಂದೆ, ತಮ್ಮ ಖಾಲಿ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಹಿಂದೆ. ಒಡ್ಡು ಎಲ್ಲಿ ಹಾಕಿದರೋ ನಾವು ಕೇಳಲಿಲ್ಲ. ಆ ಗುರುವಾರದ ಮುಂದೆ ನೋಟ್‌ಬುಕ್ಕಿನಲ್ಲಿ ಬರೆದದ್ದು 'ಮಲ್ಕಣ್ಣ, ಹೋದ' ಅಂತ. ಎರಡು ವರ್ಷದ ಮೇಲೆ ನಮಗೆ ವರ್ಗವಾಯಿತು. ಶಿವಶರಣಪ್ಪ ರಿಟೈರ್ ಆಗಿ ಈಗ ಎಳ್ಳ ಅಮಾವಾಸ್ಯೆಗೆ ತನ್ನ ಹೊಲಕ್ಕೇ ಹೋಗುತ್ತಾನೆ. ನಮ್ಮನ್ನೂ ಕರೆಯುತ್ತಾನೆ.

"ತಗೋರಿ ಅಮ್ಮಾ" ಅಂತ ಸೀತನಿಯವನು ಬಿಸಿ ತೆನೆ ನನ್ನ ಕೈಗಿಟ್ಟಾಗ ಕಂಡಕ್ಟರ್ ಆಗಲೇ ಸೀಟಿ ಊದುತ್ತಿದ್ದ. ಅವಸರದಲ್ಲಿ ತಿಕ್ಕಿದೆ, ಊದಿದೆ. ನಮ್ಮವರು ಪಕ್ಕದಲ್ಲಿ ಅಂಗೈ ಚಾಚಿ ನಿಂತಿದ್ದರು, ಆದರೆ ಹತ್ತಿರ ತರಲಿಲ್ಲ, ಕಾಯುತ್ತಿದ್ದರು. ಮೊದಲ ನಾಲ್ಕು ಕಾಳನ್ನು ನಾನು ನನ್ನ ಬಾಯಿಗೇ ಹಾಕಿಕೊಂಡಿದ್ದೆ. ಇಷ್ಟು ವರ್ಷವಾದರೂ ಕೈ ಅದೇ ದಾರಿ ಹಿಡಿಯುತ್ತದೆ.

"ಉಪ್ಪು ಹೆಚ್ಚಾತೇನ್ರಿ ಪಾಸ್ಟರಮ್ಮಾ?" ಅಂದರು ನಮ್ಮವರು, ಶಿವಶರಣಪ್ಪನ ದನಿಯಲ್ಲಿ.

ನಾನು ಪೂರಾ ಅಗಿದು ನುಂಗಿದೆ.

"ಒಳಗ ಬಿಡಬಹುದ್ರಿ" ಅಂದು ಉಳಿದದ್ದನ್ನು ಅವರ ಅಂಗೈಗೆ ಸುರಿದೆ.